ಮೂಗಿಲ್ಲದವಳಿಗೆ ಬಂದ ಹೂವು

ನಮ್ಮೂರಿನಲ್ಲಿ ಮನೆಮನೆಗೆ ಹೂ ಮುಟ್ಟಿಸುವವರಿಗೆ ಮೂಗು ಇರಬಾರದು. ಮುಖದ ಮೇಲೆ ಇರಲಿ, ಬೇಕಾದರೆ ಅದಕ್ಕೊಂದು ಮೂಗುಬೊಟ್ಟನ್ನೂ ಇಟ್ಟುಕೊಳ್ಳಲಿ, ಯಾರ ತಕರಾರೂ ಇಲ್ಲ. ಆದರೆ ಅದಕ್ಕೆ ವಾಸನೆ ಹತ್ತಬಾರದು. ನನ್ನ ಅಜ್ಜಿಗೆ ಹತ್ತುತ್ತಿರಲಿಲ್ಲ, ಅವ್ವನಿಗೂ ಹತ್ತುತ್ತಿರಲಿಲ್ಲ, ನನಗೂ ಹತ್ತುವುದಿಲ್ಲ. ಹಾಗಾಗಿ ಪೇಟೆಬೀದಿಯ ಹೂವಿನಂಗಡಿ ಅಜ್ಜಿಯ ಕಾಲದಿಂದ ನಮ್ಮ ಮನೆಯಲ್ಲೇ ಉಳಿದುಕೊಂಡು ಬಂದಿದೆ. ಬೇರೆಯವರಿಗೆ ಹಿರಿಯರಿಂದ ಹೊಲ ಬರುತ್ತದೆ, ಒಡವೆ ಬರುತ್ತದೆ. ನನಗೆ ಬಂದದ್ದು ಕೆಲಸಕ್ಕೆ ಬಾರದ ಈ ಮೂಗು.

ನಮ್ಮೂರ ಹೂವಿಗೆ ತನ್ನದು ಎನ್ನುವ ವಾಸನೆ ಇಲ್ಲ. ಮಲ್ಲಿಗೆಯಾಗಲಿ, ಸಂಪಿಗೆಯಾಗಲಿ, ಗಿಡದಲ್ಲಿರುವಾಗ ನೀರಿನಷ್ಟೇ ಸಪ್ಪೆ. ಯಾರಾದರೂ ಇಂಥವರಿಗೆ ಎಂದು ಮನಸ್ಸಿನಲ್ಲಿ ನೆನೆದು ಅದರ ಮೇಲೆ ಕೈಯಿಟ್ಟರೆ ಮಾತ್ರ ಅದು ವಾಸನೆ ಹಿಡಿಯುತ್ತದೆ, ಅದೂ ಕೈಯಿಟ್ಟವರ ವಾಸನೆಯನ್ನು. ಗಿರಣಿಯವನು ಕಳಿಸಿದ ಹೂವಿಗೆ ರಾಗಿಹಿಟ್ಟಿನ ವಾಸನೆ, ಮೇಷ್ಟರು ಕಳಿಸಿದ್ದಕ್ಕೆ ಸೀಮೆಸುಣ್ಣದ್ದು. ಮಗುವಿನ ತಾಯಿಯಾದ ಮಗಳು ತವರಿಗೆ ಕಳಿಸಿದ ಹೂವಿನಲ್ಲಿ ಹಾಲು ಮತ್ತು ಬಜೆಯ ವಾಸನೆ ಇರುತ್ತದಂತೆ. ಅದನ್ನು ಮುಡಿದ ಅಜ್ಜಿಯಂದಿರು ದಿನವೆಲ್ಲ ಸುಮ್ಮಸುಮ್ಮನೆ ನಗುತ್ತಿರುತ್ತಾರೆ. ದೇವರಿಗೆ ಏರಿಸುವ ಹಾರಕ್ಕೂ ಇದೇ ಪಾಡು. ಗುಡಿಯೊಳಗೆ ನಿಂತರೆ ಸಂತೆಯಲ್ಲಿ ನಿಂತ ಹಾಗಿರುತ್ತದೆ ಎಂದು ಮೂಗಿದ್ದವರು ಹೇಳುತ್ತಾರೆ. ಊರಾಚೆಯ ಗಡಿಕಲ್ಲು ದಾಟಿದರೆ ಹೂವುಗಳಿಗೆ ಅವುಗಳದ್ದೇ ವಾಸನೆ ಇರುತ್ತದೆ ಎಂದು ಹೇಳುವವರೂ ಇದ್ದರು. ದೂರ ಹೋಗಿ ಬಂದವರು ಏನು ಬೇಕಾದರೂ ಹೇಳುತ್ತಾರೆ ಎಂದು ನಾವು ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಹೀಗಿರುವಾಗ ಹೂವಿನ ಜೊತೆ ಹೆಸರು ಹೇಳಿ ಕಳಿಸುವ ಅಗತ್ಯ ಯಾರಿಗೂ ಇಲ್ಲ. ಬಾಗಿಲಲ್ಲಿ ಹೂ ಇಸಿದುಕೊಂಡವರು ಒಮ್ಮೆ ಮೂಸಿದರೆ ಸಾಕು. ಆದರೆ ಪಕ್ಕದಲ್ಲಿ ನಿಂತವರಿಗೂ ಮೂಗಿರುತ್ತದಲ್ಲ. ಅದಕ್ಕಾಗಿ ಊರಿನವರೆಲ್ಲ ಒಂದು ಮರ್ಯಾದೆ ಇಟ್ಟುಕೊಂಡಿದ್ದಾರೆ. ಇನ್ನೊಬ್ಬರ ಮುಡಿಯಲ್ಲಿರುವ ಹೂವಿನ ವಾಸನೆ ಯಾರದ್ದೆಂದು ತಿಳಿದರೂ ಬಾಯಿಬಿಟ್ಟು ಹೇಳುವಂತಿಲ್ಲ, ಕೇಳುವಂತಿಲ್ಲ. ಹಿಂದೆ ಒಬ್ಬ ಕ್ಷೌರಿಕ ಗಿರಾಕಿಯ ಹತ್ತಿರ ಇಂಥ ಮಾತಾಡಿದನಂತೆ. ಆಮೇಲೆ ಊರಿನಲ್ಲಿ ಒಬ್ಬರೂ ಅವನ ಕೈಗೆ ತಲೆ ಕೊಡಲಿಲ್ಲ, ಗಡ್ಡಗಳು ಎದೆಯವರೆಗೆ ಇಳಿದವು.

ನಮ್ಮ ಅಂಗಡಿಯ ಹಿಂಗೋಡೆಯಲ್ಲಿ ಸಾಲಾಗಿ ಗೂಡುಗಳಿವೆ. ಅವಕ್ಕೆ ಹಿತ್ತಲ ಓಣಿಯ ಕಡೆಯಿಂದ ದಾರಿ, ಅಂಗಡಿಯ ಕಡೆಗೆ ದಪ್ಪನೆಯ ಗೋಣಿ ಪರದೆ. ಸಂಜೆ ಕಟ್ಟಿದ ಮಾಲೆಗಳನ್ನು ನಾನು ಗೂಡುಗಳಲ್ಲಿ ಇಟ್ಟು ಬರುತ್ತೇನೆ. ಬೆಳಗಿನ ಜಾವ ಬೇಕಾದವರು ಓಣಿಯಿಂದ ಬಂದು ಹೂವಿನ ಮೇಲೆ ಕೈಯಿಟ್ಟು, ಯಾವ ಮನೆಗೆ ಹೋಗಬೇಕೋ ಆ ಮನೆಯ ತಗಡಿನ ಬಿಲ್ಲೆಯನ್ನು ಅಲ್ಲೇ ಗೋಡೆಯ ಮೊಳೆಯಿಂದ ತೆಗೆದು ಹೂವಿನ ಪಕ್ಕದಲ್ಲಿ ಇಟ್ಟು ಹೋಗುತ್ತಾರೆ. ಒಂದೊಂದು ಮನೆಯ ಬಿಲ್ಲೆಗೆ ಒಂದೊಂದು ಚಿತ್ರ: ಗೌಡರ ಮನೆಗೆ ಒನಕೆ, ಡಾಕ್ಟರ ಮನೆಗೆ ನವಿಲು, ಹೀಗೆ. ಹೊತ್ತು ಹುಟ್ಟಿದ ಮೇಲೆ ನಾನು ಬಿದಿರಿನ ಇಕ್ಕಳದಲ್ಲಿ ಹೂ ಎತ್ತಿ, ಮುತ್ತುಗದ ಎಲೆಯಲ್ಲಿ ಸುತ್ತಿ, ಮಂಕರಿಯಲ್ಲಿ ಹೊತ್ತು ಮನೆಗಳಿಗೆ ಮುಟ್ಟಿಸುತ್ತೇನೆ. ಯಾರು ಬಂದರು ಎಂದು ಪರದೆ ಸರಿಸಿ ನೋಡುವುದಿಲ್ಲ ಎಂದು ಅವ್ವ ನನ್ನಿಂದ ಭಾಷೆ ತೆಗೆದುಕೊಂಡೇ ಅಂಗಡಿ ಬಿಟ್ಟುಕೊಟ್ಟಿದ್ದು. ಕಣ್ಣು ಕಾಣದ್ದನ್ನು ಮೂಗು ಹೇಳಲಾರದು. ಹಾಗಾಗಿ ಊರಿನ ಗುಟ್ಟುಗಳೆಲ್ಲ ನನ್ನ ತಲೆಯ ಮೇಲೆಯೇ ಓಡಾಡುತ್ತವೆ, ನನಗೆ ಮಾತ್ರ ಒಂದೂ ಗೊತ್ತಿಲ್ಲ.

ಈ ಮೂಗಿನಿಂದ ಕೆಲಸ ಸಿಕ್ಕಿತು, ಮದುವೆ ತಪ್ಪಿತು. ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರಕ್ಕೆ ಮೊದಲು ಗಂಡಿನ ಕಡೆಯಿಂದ ಹೂ ಬರುತ್ತದೆ. ಹುಡುಗಿ ಅದನ್ನು ಮೂಸಿ, ಒಪ್ಪಿದರೆ ಮುಡಿಯಬೇಕು. ನನಗೆ ಹೂ ಬಂದಾಗ ನಾನು ಮೂಸಿ, ಇದಕ್ಕೇನೂ ವಾಸನೆ ಬರುತ್ತಿಲ್ಲವಲ್ಲ ಎಂದುಬಿಟ್ಟೆ. ನಮ್ಮ ಹುಡುಗನನ್ನು ವಾಸನೆ ಇಲ್ಲದವನು ಅನ್ನುತ್ತಾಳೆ ಎಂದು ಅವರು ಎದ್ದು ಹೋದರು. ಎರಡನೆಯ ಸಲ ಬಂದವರ ಮುಂದೆ ಅವ್ವ ಹೇಳಿಕೊಟ್ಟ ಹಾಗೆ, ಘಮಘಮ ಅಂತಿದೆ ಎಂದೆ. ಹುಡುಗನ ಮನೆಯವರು ಚರ್ಮ ಹದ ಮಾಡುವವರು. ಆಡಿಕೊಳ್ಳುತ್ತಿದ್ದಾಳೆ ಎಂದು ಅವರೂ ಎದ್ದು ಹೋದರು. ಅಲ್ಲಿಗೆ ಆ ಸುದ್ದಿ ಮುಗಿಯಿತು. ಊರಿಗೆಲ್ಲ ಹೂ ಹಂಚುವ ನಾನು ನನ್ನದು ಎಂದು ಒಂದು ಎಸಳನ್ನೂ ಯಾರಿಗೂ ಕಳಿಸಲಿಲ್ಲ. ಹೀಗೇ ತಲೆಯಲ್ಲಿ ಬಿಳಿಕೂದಲು ಕಾಣಿಸಿಕೊಂಡವು.

ಮನೆಯಲ್ಲಿ ನನ್ನ ಜೊತೆಗಿರುವವಳು ತೀರಿಕೊಂಡ ಅಣ್ಣನ ಹೆಂಡತಿ, ಸಣ್ಣಮ್ಮ ಅತ್ತಿಗೆ. ಅವಳಿಗೆ ನಾಯಿಗಿಂತ ಚುರುಕಾದ ಮೂಗು, ಅದಕ್ಕೆ ತಕ್ಕ ಬಾಯಿ. ಮೂಗಿನ ದೆಸೆಯಿಂದ ಅವಳು ಗೂಡುಗಳ ಕಡೆ ಹೋಗುವಂತಿಲ್ಲ, ಅಂಗಡಿಯ ಮುಂದೆ ಕೂತು ಹೂ ಕಟ್ಟುತ್ತಾಳೆ. ಬಿಡಿ ಹೂವಿನ ಮೂಟೆಗಳನ್ನು ತೋಟಗಳಿಂದ ತಂದು ಹಾಕುವವನು ಜಟಕಾ ಗವಿರಂಗಯ್ಯ. ಮೂಟೆ ಇಳಿಸಿ, ಆಮೇಲೆ ಗಡಿಕಲ್ಲಿನಾಚೆಯ ರೈಲು ಜಂಕ್ಷನ್ನಿಗೆ ಜನರನ್ನು ಕೂರಿಸಿಕೊಂಡು ಹೋಗುತ್ತಾನೆ. ಒಂಟಿ ಜೀವ. ಮಾತನ್ನು ಎಣಿಸಿ ಆಡುವವನು. "ಮೂಟೆ ಇಳಿಸ್ಲಾ?" ಎಂದು ದಿನಾ ಕೇಳುತ್ತಿದ್ದ. "ಇಳಿಸ್ದೆ ಹೊತ್ಕೊಂಡೇ ನಿಂತ್ಕೊತೀಯೇನಯ್ಯ?" ಎಂದು ನಾನು ದಿನಾ ಬೈಯುತ್ತಿದ್ದೆ. ಅವನ ಹೆಣ್ಣುಕುದುರೆ ರುಕ್ಕು ಮಹಾ ಸಿಡುಕಿ. ಹತ್ತಿರ ಬಂದವರ ಸೆರಗನ್ನೋ ರುಮಾಲನ್ನೋ ಕಚ್ಚಿ ಎಳೆಯದೆ ಬಿಡುತ್ತಿರಲಿಲ್ಲ. ಗವಿರಂಗಯ್ಯ ಎದುರಿಗೆ ಬಂದು ನಿಂತರೆ ಮಾತ್ರ ಅವನ ಹೆಗಲ ಮೇಲೆ ಗದ್ದ ಇಟ್ಟು ಕಣ್ಣು ಮುಚ್ಚಿಕೊಳ್ಳುತ್ತಿತ್ತು.

ಆ ವರ್ಷ ಮಲ್ಲಿಗೆ ಸುಗ್ಗಿಯ ಮೊದಲಲ್ಲಿ, ಒಂದು ಶುಕ್ರವಾರ, ಕೊನೆಯ ಗೂಡಿನಲ್ಲಿದ್ದ ಮಲ್ಲಿಗೆ ದಂಡೆಯ ಪಕ್ಕದಲ್ಲಿ ಗಿಳಿಯ ಬಿಲ್ಲೆ ಇತ್ತು. ಗಿಳಿ ನಮ್ಮ ಮನೆಯ ಬಿಲ್ಲೆ. ಯಾರೂ ಮುಟ್ಟದೆ ತುಕ್ಕು ಹಿಡಿದು ಮೊಳೆಗೆ ಅಂಟಿಕೊಂಡಿದ್ದದ್ದನ್ನು ಯಾರೋ ಬಲವಂತವಾಗಿ ಬಿಡಿಸಿದ್ದರು. ಅತ್ತಿಗೆಗೆ ಅವಳ ತಂಗಿ ಕಳಿಸಿರಬೇಕು ಎಂದುಕೊಂಡು ತಂದುಕೊಟ್ಟೆ. ಅತ್ತಿಗೆ ಎಲೆ ಬಿಚ್ಚಿದಳು, ಮೂಸಿದಳು, ಕಣ್ಣು ಇಷ್ಟಗಲ ಮಾಡಿದಳು. ಆಮೇಲೆ ಏನೂ ಹೇಳದೆ ನನ್ನನ್ನು ಕೂರಿಸಿ, ತುರುಬು ಬಿಚ್ಚಿ ಬಾಚಿ, ಹೂವನ್ನು ನನಗೆ ಮುಡಿಸಿದಳು. "ಇದು ನಿಂದು ಕಣೆ ಹೊಂಬಾಳೆ. ನಾನು ಇಷ್ಟೇ ಹೇಳಾದು," ಎಂದಳು. ಯಾರು ಅತ್ತಿಗೆ ಎಂದು ಕೇಳುವ ಮಾತು ನನ್ನ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅವಳೂ ಹೇಳುವ ಮಾತನ್ನು ನುಂಗಿಕೊಂಡಳು. ಇಬ್ಬರೂ ಬೆಳಗಿನ ಗಂಜಿಯನ್ನು ಸುಮ್ಮನೆ ಕುಡಿದೆವು.

ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು. ಯಾರೋ ಬೆಳಗಿನ ಜಾವ ಎದ್ದು, ನನ್ನನ್ನು ನೆನೆದು ಹೂವಿನ ಮೇಲೆ ಕೈಯಿಟ್ಟಿದ್ದಾರೆ. ಅಷ್ಟು ವರ್ಷ ಬೇರೆಯವರ ಬಾಗಿಲಲ್ಲಿ ನೋಡಿದ ನಗು ಅವತ್ತು ನನ್ನ ಮುಖದ ಮೇಲೆ ಬಂದು ಕೂತಿತ್ತು, ಒರೆಸಿದರೂ ಹೋಗಲಿಲ್ಲ. ಮುಂದಿನ ಶುಕ್ರವಾರವೂ ಗಿಳಿ ಬಿಲ್ಲೆ ಕೊನೆಯ ಗೂಡಿನಲ್ಲಿತ್ತು. ಅದರ ಮುಂದಿನ ಶುಕ್ರವಾರವೂ ಇತ್ತು.

ಖುಷಿಯ ಹಿಂದೆಯೇ ಸಂಕಟವೂ ಬಂತು. ಮನಸ್ಸಿಟ್ಟು ಕಳಿಸಿದ ಹೂವಿಗೆ ಆ ಹೂವಿನ ಸುಗ್ಗಿ ಮುಗಿಯುವುದರೊಳಗೆ ಮರುಹೂವು ಹೋಗಬೇಕು. ಹೋಗದಿದ್ದರೆ ಬೇಡ ಎಂದು ಅರ್ಥ. ಕಳಿಸಿದವರು ಅದನ್ನು ಹೊಟ್ಟೆಗೆ ಹಾಕಿಕೊಂಡು ಸುಮ್ಮನಾಗುತ್ತಾರೆ, ಮತ್ತೆ ಆ ಮನೆಗೆ ಹೂ ಕಳಿಸುವುದಿಲ್ಲ. ಮಳೆ ಹಿಡಿದರೆ ಮಲ್ಲಿಗೆ ಮುಗಿಯುತ್ತದೆ. ಅಷ್ಟರಲ್ಲಿ ಯಾರೆಂದು ತಿಳಿಯದೆ ಹೋದರೆ, ನನ್ನನ್ನು ನೆನೆದ ಒಬ್ಬರೇ ಒಬ್ಬರಿಗೆ ನಾನು ಬೇಡ ಎಂದ ಹಾಗಾಗುತ್ತದೆ. ಕೇಳೋಣವೆಂದರೆ ಕೇಳುವಂತಿಲ್ಲ. ನಾನು ಬೀದಿಯಲ್ಲಿ ನಡೆದರೆ ಪ್ರತಿಯೊಬ್ಬರಿಗೂ ನನ್ನ ತಲೆಯ ಹೂ ಯಾರದ್ದೆಂದು ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ.

ಒಂದು ಶುಕ್ರವಾರದ ಜಾವ ಮನಸ್ಸು ತಡೆಯದೆ ಗೂಡುಗಳ ಈಚೆ ಹೋಗಿ ಕೂತೆ. ಓಣಿಯಲ್ಲಿ ಹೆಜ್ಜೆ ಸದ್ದಾಯಿತು. ಪರದೆಯ ಆಚೆ ಯಾರೋ ಉಸಿರಾಡುತ್ತಿದ್ದರು. ಕೈ ಚಾಚಿದರೆ ಗೋಣಿ ಸಿಗುವಷ್ಟು ಹತ್ತಿರ. ಆ ಉಸಿರು ಯಾರದ್ದಾದರೂ ಆಗಿರಬಹುದಿತ್ತು. ಮಗಳನ್ನು ನೆನೆದು ಬಂದ ತಾಯಿಯದ್ದು, ಜಗಳವಾಡಿದ ತಮ್ಮನಿಗೆ ಹೂ ಕಳಿಸಲು ಬಂದ ಅಣ್ಣನದ್ದು. ಅವರೆಲ್ಲ ನನ್ನನ್ನು ನಂಬಿ ಕತ್ತಲಲ್ಲಿ ಬರುತ್ತಾರೆ. ನನಗೆ ನಾಚಿಕೆಯಾಯಿತು. ಸದ್ದು ಮಾಡದೆ ಎದ್ದು ಬಂದು ಒಲೆ ಹಚ್ಚಿದೆ.

ನೋಡುವಂತಿಲ್ಲ, ಕೇಳುವಂತಿಲ್ಲ ಎಂದ ಮೇಲೆ ಉಳಿದದ್ದು ಮುಖಗಳು. ಹೂ ಮುಡಿದು ಹೊರಟಾಗ ಯಾರು ಹೇಗೆ ನೋಡುತ್ತಾರೆ ಎಂದು ಲೆಕ್ಕ ಹಾಕತೊಡಗಿದೆ. ಡಾಕ್ಟರ ಹೆಂಡತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ದರ್ಜಿಯವನು ಕೆಮ್ಮಿದ. ಗೌಡರ ಮನೆಯ ಮುದುಕಿ ನನ್ನ ಕೆನ್ನೆ ಸವರಿ, "ಒಳ್ಳೇದಾಗ್ಲಿ ಕಣವ್ವ," ಎಂದಳು. ಇದರಿಂದ ನನಗೆ ಏನೂ ತಿಳಿಯಲಿಲ್ಲ. ಆದರೆ ಹೋಟೆಲು ಶೇಷಣ್ಣ ಮಾತ್ರ ನನ್ನನ್ನು ಕಂಡರೆ ಒಂದು ಥರ ಆಡುತ್ತಿದ್ದ. ಹೋಟೆಲಿಗೆ ಬರುವ ಹೂ ಕೊಡಲು ಹೋದರೆ ಮುಖ ಊರಗಲ ಮಾಡಿಕೊಂಡು, "ಬನ್ನಿ ಹೊಂಬಾಳಮ್ಮ, ಕೂತ್ಕಳಿ, ಕಾಫಿ ಕುಡೀರಿ," ಎನ್ನುತ್ತಿದ್ದ. ಕಾಫಿಯ ಹಿಂದೆ ಇಡ್ಲಿ, ಇಡ್ಲಿಗೆ ಕೇಳದೆಯೇ ಎರಡು ಥರದ ಚಟ್ನಿ. ಹಿಂದೆ ಒಂದು ಲೋಟ ನೀರು ಕೊಡಲೂ ಹಿಂದೆಮುಂದೆ ನೋಡುತ್ತಿದ್ದ ಮನುಷ್ಯ. ಅವನ ಹೆಂಡತಿ ಹೋಗಿ ಬಹಳ ವರ್ಷವಾಗಿತ್ತು. ನಾನು ಕೂಡಿಸಿ ಕಳೆದು, ಶೇಷಣ್ಣನೇ ಸರಿ ಎಂದು ತೀರ್ಮಾನ ಮಾಡಿಕೊಂಡೆ.

ಅವನ ಮೇಲೆ ನನಗೆ ಅಂಥ ಮನಸ್ಸೇನೂ ಇರಲಿಲ್ಲ. ಆದರೆ ಬೆಳಗಿನ ಜಾವ ಎದ್ದು ಬರುವ ಆ ಕೈಯ ಮೇಲೆ ಆಗಲೇ ಮನಸ್ಸಾಗಿಬಿಟ್ಟಿತ್ತು. ಆ ಕೈ ಶೇಷಣ್ಣನದ್ದಾದರೆ ಶೇಷಣ್ಣನನ್ನೇ ಇಷ್ಟಪಡೋಣ ಎಂದುಕೊಂಡೆ. ಒಂದು ದಿನ ಮಲ್ಲಿಗೆ ಮಾಲೆಯ ಮೇಲೆ ಕೈಯಿಟ್ಟೆ. ಆಯುಸ್ಸಿನಲ್ಲೇ ಮೊದಲ ಸಲ ನಾನು ಒಬ್ಬರಿಗೆ ಎಂದು ಹೂ ಕಳಿಸುತ್ತಿದ್ದೆ. ಅದನ್ನು ಹೋಟೆಲಿನ ಬಿಲ್ಲೆಯ ಜೊತೆ ಮಂಕರಿಯಲ್ಲಿ ಇಡುವುದನ್ನು ಅತ್ತಿಗೆ ನೋಡಿದಳು. ಕೈಯಲ್ಲಿದ್ದ ದಾರದುಂಡೆ ಕೆಳಗೆ ಬಿತ್ತು. "ಹೋಟೆಲಿಗಾ?" ಎಂದಳು. ಹೂಂ ಎಂದೆ. ಅವಳು ಬಾಯಿ ತೆರೆದಳು, ಮುಚ್ಚಿದಳು, ಎದ್ದಳು, ಕೂತಳು. ಕೊನೆಗೆ, "ಇವತ್ತು ದಿನ ಚೆನ್ನಾಗಿಲ್ಲ ಕಣೆ, ನಾಳೆ ಕೊಡಾಣ," ಎಂದಳು. "ಮಳೆ ಬಂದ್ಬಿಟ್ರೆ ನಾಳೆ ಹೂವೇ ಇರಲ್ಲ ಅತ್ತಿಗೆ," ಎಂದು ನಾನು ಹೊರಟೆ. ನನ್ನ ಹಿಂದೆ ಅವಳು ಅಷ್ಟು ಹೊತ್ತು ಕೆಮ್ಮಿದ್ದು ಯಾಕೆಂದು ಆಗ ನನಗೆ ತಿಳಿಯಲಿಲ್ಲ.

ಶೇಷಣ್ಣ ಹೂ ಇಸಿದುಕೊಂಡು ಮೂಸಿದ. ಮತ್ತೊಮ್ಮೆ ಮೂಸಿದ. ಹುಬ್ಬು ಗಂಟು ಹಾಕಿಕೊಂಡ. ಅದು ಯಾರ ವಾಸನೆ ಎಂದು ಅವನಿಗೆ ತಿಳಿಯಲಿಲ್ಲ. ನನ್ನ ಹೂವನ್ನು ಊರಿನಲ್ಲಿ ಯಾರು ತಾನೆ ಮೂಸಿದ್ದರು? ಅದನ್ನು ಗಲ್ಲಾದ ಮೇಲಿನ ದೇವರ ಪಟಕ್ಕೆ ತೂಗುಹಾಕಿದ. ತಿಂಡಿಗೆ ಬಂದವರೆಲ್ಲ ಮೂಗರಳಿಸಿ, ತಿನ್ನುವುದನ್ನು ಬಿಟ್ಟು ಸುಮ್ಮನೆ ಕೂತರಂತೆ. ಇಂಥದ್ದನ್ನು ಎಂದೂ ಮೂಸಿಲ್ಲ ಎಂದರಂತೆ. ಮರುದಿನ ಹೋಟೆಲಿಗೆ ಇನ್ನೂ ಜನ ಬಂದರು. ನಾನು ಗಂಟಿನೊಳಗಿನ ರೇಷ್ಮೆ ಸೀರೆ ತೆಗೆದು ಉಟ್ಟುಕೊಂಡು ದಿನಾ ಹೋಗಿ ಕೂತೆ. ಶೇಷಣ್ಣ ಕಾಫಿ ಕೊಟ್ಟ, ಚಟ್ನಿ ಕೊಟ್ಟ, ಬೇರೆ ಏನೂ ಹೇಳಲಿಲ್ಲ.

ಆ ಶುಕ್ರವಾರ ಕೊನೆಯ ಗೂಡಿನ ದಂಡೆಯ ಪಕ್ಕದಲ್ಲಿ ಏನೂ ಇರಲಿಲ್ಲ. ಗಿಳಿ ಬಿಲ್ಲೆ ಮೊಳೆಯಲ್ಲೇ ತೂಗುತ್ತಿತ್ತು. ಮರುಹೂವು ಸಿಕ್ಕಿತಲ್ಲ, ಇನ್ನು ಕದ್ದು ಕಳಿಸುವುದೇಕೆ ಎಂದುಕೊಂಡಿರಬೇಕು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಅದೇ ವಾರ ಹೂವಿನ ಮೂಟೆಗಳು ಎತ್ತಿನಗಾಡಿಯಲ್ಲಿ ಬರತೊಡಗಿದವು, ತಡವಾಗಿ, ಬಾಡಿಕೊಂಡು. ಆ ಗವಿರಂಗಯ್ಯನಿಗೆ ಏನು ಬಂತು ರೋಗ ಎಂದು ಗಾಡಿಯವನ ಮುಂದೆ ಚೆನ್ನಾಗಿ ಬೈದೆ. ಅತ್ತಿಗೆ ತಲೆ ಎತ್ತದೆ ಹೂ ಕಟ್ಟುತ್ತಿದ್ದಳು.

ಆ ಶುಕ್ರವಾರವೇ ಮಧ್ಯಾಹ್ನ ಶೇಷಣ್ಣ ಅಂಗಡಿಗೆ ಬಂದ. ಕೈಯಲ್ಲಿ ಎಲೆಯ ಪೊಟ್ಟಣ. "ಹೊಂಬಾಳಮ್ಮ, ಇದು ದಾರಿ ತಪ್ಪಿ ನಮ್ಮಲ್ಲಿಗೆ ಬಂದೈತೆ ಅನ್ನಿಸ್ತದೆ," ಎಂದು ಮೆಲ್ಲಗೆ ಹೇಳಿದ. ತಪ್ಪಿ ಬಂದ ಹೂವನ್ನು ಹೀಗೆ ಹೇಳಿಯೇ ಅಂಗಡಿಗೆ ಹಿಂದಿರುಗಿಸುವುದು ನಮ್ಮಲ್ಲಿಯ ವಾಡಿಕೆ. ಒಳಗೆ ಬಾಡಿದ ನನ್ನ ಮಾಲೆ ಇತ್ತು. ದಿನಾ ನಾನು ರೇಷ್ಮೆ ಸೀರೆ ಉಟ್ಟು ಬಂದು ಕೂರುವುದನ್ನು ನೋಡಿ ನೋಡಿ, ಅವನಿಗೆ ಆ ಮಾಲೆ ಯಾರದ್ದೆಂದು ಹೊಳೆದಿತ್ತು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ಮತ್ತೆ ಆ ಚಟ್ನಿ?" ಎಂದು ಕೇಳಿಯೇಬಿಟ್ಟೆ. "ಸಂತೋಷಕ್ಕೆ ಹಾಕ್ದೆ ಕಣ್ರಮ್ಮ. ನಮ್ಮೋನೊಬ್ಬ... ಬುಡಿ, ಹೇಳಂಗಿಲ್ಲ." ಹೊಸಿಲು ದಾಟಿದವನು ಮತ್ತೆ ತಿರುಗಿದ. "ಈ ಹೂವು ನಮ್ಮಲ್ಲಿ ತೂಗಾಕಿದ ದಿವ್ಸ ಒಬ್ರು ಅರ್ಧ ದೋಸೆ ಬಿಟ್ಟು ಎದ್ದೋದ್ರು. ಆವತ್ತಿಂದ ಬಂದಿಲ್ಲ. ನಾನು ಇಷ್ಟು ಹೇಳಿದ್ದೇ ಹೆಚ್ಚು," ಎಂದು ಹೊರಟುಹೋದ.

ಅವತ್ತು ನಾನು ಅತ್ತೆ, ಮರೆಮಾಡದೆ ಅತ್ತೆ. ಅತ್ತಿಗೆ ನನ್ನ ಬೆನ್ನು ಸವರುತ್ತ ತಾನೂ ಅತ್ತಳು. ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಹೊರಗೆ ಮೋಡ ಕಟ್ಟಿತ್ತು. ಗಾಡಿಯವನು ಬಂದು, ತೋಟದಲ್ಲಿ ಮಲ್ಲಿಗೆ ಮುಗಿಯಿತು, ಇನ್ನು ಮೂಟೆ ಬರುವುದಿಲ್ಲ ಎಂದ.

ಮರುದಿನ ಇಕ್ಕಳದ ತುದಿಗೆ ಕಬ್ಬಿಣದ ಪಟ್ಟಿ ಕಟ್ಟಿಸಲೆಂದು ಕುಲುಮೆಗೆ ಹೋದೆ. ಹಿಂದಿನ ವಾರದ ಒಣಗಿದ ದಂಡೆ ಇನ್ನೂ ನನ್ನ ತುರುಬಿನಲ್ಲೇ ಇತ್ತು, ತೆಗೆಯಲು ಮನಸ್ಸು ಬಂದಿರಲಿಲ್ಲ. ಕುಲುಮೆಯ ಮುಂದಿನ ಬೇವಿನ ಮರಕ್ಕೆ ರುಕ್ಕುವನ್ನು ಕಟ್ಟಿದ್ದರು, ಲಾಳ ಹೊಡೆದಾಗಿತ್ತು. ಸೆರಗು ಬಿಗಿ ಹಿಡಿದುಕೊಂಡು ದೂರದಿಂದಲೇ ದಾಟುತ್ತಿದ್ದೆ. ರುಕ್ಕು ಕಿವಿ ನಿಮಿರಿಸಿತು. ಹಗ್ಗ ಎಳೆಯುವಷ್ಟು ಮುಂದೆ ಬಂದು, ನನ್ನ ತಲೆಯನ್ನು ಮೂಸಿ, ನನ್ನ ಹೆಗಲ ಮೇಲೆ ಗದ್ದ ಇಟ್ಟಿತು. ಕಣ್ಣು ಮುಚ್ಚಿಕೊಂಡಿತು.

ನಾನು ಅಲ್ಲಾಡದೆ ನಿಂತೆ. ಕುದುರೆಗೆ ನಮ್ಮೂರಿನ ಮರ್ಯಾದೆ ಗೊತ್ತಿರಲಿಲ್ಲ, ಊರೆಲ್ಲ ನುಂಗಿಕೊಂಡಿದ್ದ ಮಾತನ್ನು ಅದು ಹೇಳಿಬಿಟ್ಟಿತ್ತು. ಮೂಟೆ ಇಳಿಸ್ಲಾ ಎಂದು ಕೇಳಿ ಉತ್ತರಕ್ಕೆ ಕಾಯುತ್ತ ನಿಲ್ಲುವ ಮುಖ ಕಣ್ಣಮುಂದೆ ಬಂತು. ಬೈಸಿಕೊಳ್ಳುವಾಗ ಆ ಮುಖದಲ್ಲಿ ಇರುತ್ತಿದ್ದ ಸಂತೋಷವೂ ಆಗ ನೆನಪಾಯಿತು. ನನ್ನಷ್ಟು ದಡ್ಡಿ ಇನ್ನೊಬ್ಬಳಿಲ್ಲ ಎನ್ನಿಸಿತು. ಕುಲುಮೆಯವನು ಬೇಕೆಂದೇ ಬೆನ್ನು ತಿರುಗಿಸಿ ತಿದಿ ಒತ್ತುತ್ತಿದ್ದ. ಒತ್ತುತ್ತಲೇ ಬೆಂಕಿಗೆ ಹೇಳುವವನ ಹಾಗೆ ಹೇಳಿದ: "ಗವಿರಂಗಣ್ಣ ಜಂಕ್ಷನ್ನಲ್ಲೇ ಇದ್ಬಿಡ್ತಾನಂತೆ. ಅದ್ಕೇ ಹೊಸ ಲಾಳ. ಗಂಟುಮೂಟೆ ತರಕ್ಕೆ ಹೋಗವ್ನೆ, ಈಗ ಬತ್ತಾನೆ, ಹೊಂಟೋಯ್ತಾನೆ."

ನಾನು ಇಕ್ಕಳವನ್ನು ಅಲ್ಲೇ ಬಿಟ್ಟು ಮನೆಗೆ ಓಡಿದೆ. ಮರುಹೂವು ಬೇಕು, ಬಾಯಿಮಾತು ನಡೆಯುವುದಿಲ್ಲ. ಅಂಗಡಿಯಲ್ಲಿ ಒಂದು ಎಸಳೂ ಇರಲಿಲ್ಲ. ಹೂವಿನವಳ ಮನೆಯಲ್ಲಿ ಹೂವಿಲ್ಲ ಎಂದರೆ ಯಾರು ನಂಬುತ್ತಾರೆ? ಹಿತ್ತಲಿಗೆ ಓಡಿದೆ. ಬೇಲಿಯ ಮೇಲೆ ಅತ್ತಿಗೆಯ ಕುಂಬಳದ ಬಳ್ಳಿ ಹಬ್ಬಿತ್ತು, ಅದರಲ್ಲಿ ಅಂಗೈಯಗಲದ ಹಳದಿ ಹೂಗಳು. ಕುಂಬಳದ ಹೂವನ್ನು ಯಾರೂ ಮುಡಿಯುವುದಿಲ್ಲ, ಯಾರೂ ಕಳಿಸುವುದಿಲ್ಲ, ಬಜ್ಜಿ ಮಾಡುತ್ತಾರೆ ಅಷ್ಟೇ. ಎರಡು ಕಿತ್ತು ಬಾಳೆನಾರಿನಲ್ಲಿ ಕಟ್ಟಿ ಅದರ ಮೇಲೆ ಕೈಯಿಟ್ಟೆ. ಅತ್ತಿಗೆ ಹಿತ್ತಲ ಬಾಗಿಲಲ್ಲಿ ನಿಂತು ಒಮ್ಮೆ ಮೂಗಿನಲ್ಲಿ ಗಾಳಿ ಎಳೆದುಕೊಂಡು, "ಹೋಗೇ, ಬಿರಬಿರನೆ ಹೋಗೇ," ಎಂದಳು.

ಗಡಿಕಲ್ಲಿನ ಹತ್ತಿರ ಜಟಕಾ ಸಿಕ್ಕಿತು. ನನ್ನ ಉಸಿರು ಮೇಲೆಕೆಳಗಾಗುತ್ತಿತ್ತು. "ಗವಿರಂಗಯ್ಯ, ನಿಲ್ಸು ಗಾಡಿ," ಎಂದೆ. ಅವನು ಇಳಿದು ನಿಂತ. ನಾನು ಏನೂ ಹೇಳದೆ ಕುಂಬಳದ ಹೂ ಚಾಚಿದೆ. ಅವನು ಎರಡು ಕೈಯಲ್ಲಿ ತೆಗೆದುಕೊಂಡು ಮೂಸಿದ. ಬಹಳ ಹೊತ್ತು ಮುಖ ಎತ್ತಲಿಲ್ಲ.

"ಹೋಟೆಲಲ್ಲೂ ಇದೇ ಇತ್ತು," ಎಂದ.

"ಅದು ದಾರಿ ತಪ್ಪಿದ್ದು. ಇದು ತಪ್ಪಿಲ್ಲ," ಎಂದೆ. ಅಷ್ಟಕ್ಕೆ ಸುಮ್ಮನಾಗುವವಳಲ್ಲ ನಾನು. "ನಂಗೆ ಮೂಗಿಲ್ಲ ಅಂತ ಊರಿಗೆಲ್ಲ ಗೊತ್ತು. ಗೊತ್ತಿದ್ದೂ ಗೊತ್ತಿದ್ದೂ ಯಾಕಯ್ಯ ಕಳಿಸ್ದೆ?"

"ಗೊತ್ತಿದ್ದಕ್ಕೇ ಕಳಿಸ್ದೆ. ಹಿಂದೆ ಒಬ್ರ ಮನೆಗೆ ಕಳ್ಸಿದ್ದೆ. ಪಡಸಾಲೆಗೆ ಕುದುರೆ ನುಗ್ಗಿದಂಗಾಯ್ತು ಅಂತ ನಕ್ಕು, ತಿಪ್ಪೆಗೆ ಹಾಕಿದ್ರು. ನೀವಾದ್ರೆ ಮುಡ್ಕೊತೀರಿ ಅಂತ..." ಅವನು ತಲೆ ತಗ್ಗಿಸಿದ.

ನನಗೆ ಸಿಟ್ಟು ನೆತ್ತಿಗೇರಿತು. "ಅಂದ್ರೆ ಮೂಗು ಸತ್ತೋಳು ಅಂತ ಆರಿಸ್ಕೊಂಡೆ. ಇಡೀ ಸುಗ್ಗಿ ನನ್ನ ತಲೇಗೆ ಲದ್ದಿ ವಾಸ್ನೆ ಮುಡಿಸ್ದೆ."

"ಹೂಂ," ಎಂದ ಅವನು, ಸುಳ್ಳು ಹೇಳಲು ಬಾರದೆ.

ಡಾಕ್ಟರ ಹೆಂಡತಿಯ ಸೆರಗು, ದರ್ಜಿಯ ಕೆಮ್ಮು ಎಲ್ಲ ನೆನಪಾದವು. ಮನೆಮನೆಯ ಬಾಗಿಲಲ್ಲಿ ನಾನು ಲಾಯದ ವಾಸನೆ ಹೊತ್ತು ರಾಣಿಯ ಹಾಗೆ ನಿಂತಿದ್ದೆ. ಸಿಟ್ಟು ಎಲ್ಲಿ ಹೋಯಿತೋ, ನಗು ಬಂದುಬಿಟ್ಟಿತು. ನಾನು ನಕ್ಕಿದ್ದನ್ನು ನೋಡಿ ಅವನಿಗೆ ಸ್ವಲ್ಪ ಧೈರ್ಯ ಬಂತು. "ಮೊದ್ಲು ಹಂಗೇ ಇತ್ತು. ಆಮೇಲೆ ಹಂಗಲ್ಲ," ಎಂದ.

"ಆಮೇಲೆ ಹೆಂಗೆ?"

ಅವನು ಲಗಾಮನ್ನು ಕೈಗೆ ಸುತ್ತಿದ, ಬಿಚ್ಚಿದ. "ಮೂಟೆ ಇಳಿಸ್ದೆ ಹೊತ್ಕೊಂಡೇ ನಿಂತ್ಕೊಳಾಣ ಅನ್ನಿಸ್ತಿತ್ತು," ಎಂದ.

ಅದಕ್ಕೆ ನನ್ನ ಹತ್ತಿರ ಬೈಗುಳ ಇರಲಿಲ್ಲ. ಆಮೇಲೆ, ಯಾರನ್ನೂ ಎಂದೂ ಕೇಳದಿದ್ದದ್ದನ್ನು ಅವನನ್ನು ಕೇಳಿದೆ. "ನನ್ನ ಹೂವಿಗೆ ಏನು ವಾಸ್ನೆ? ಹೋಟೆಲಲ್ಲಿ ಒಬ್ರಿಗೂ ಗೊತ್ತಾಗ್ಲಿಲ್ವಂತೆ."

ಅವನು ಅತ್ತಿತ್ತ ನೋಡಿದ. "ಇಲ್ಲಿ ಹೇಳಂಗಿಲ್ಲ," ಎಂದು, ರುಕ್ಕುವನ್ನು ನಡೆಸಿಕೊಂಡು ಕಲ್ಲಿನ ಆಚೆ ಹೋಗಿ ನಿಂತು ಕೈ ನೀಡಿದ. ನಾನು ಹುಟ್ಟಿದಾಗಿನಿಂದ ಆ ಕಲ್ಲು ದಾಟಿದವಳಲ್ಲ. ಅವನ ಕೈ ಹಿಡಿದು ದಾಟಿದೆ. ಆಚೆಯ ಮಣ್ಣೂ ಈಚೆಯ ಮಣ್ಣಿನ ಹಾಗೇ ಇತ್ತು.

"ಜಂಕ್ಷನ್ನಲ್ಲಿ ಹೆಂಗಸ್ರು ಮಲ್ಲಿಗೆ ಮಾರ್ತಾರೆ," ಎಂದು ಅವನು ನಿಧಾನವಾಗಿ ಹೇಳತೊಡಗಿದ. "ಅಲ್ಲಿ ಮಲ್ಲಿಗೆಗೆ ಯಾರ ವಾಸ್ನೇನೂ ಇಲ್ಲ, ಅದ್ರದ್ದೇ ಐತೆ. ರೈಲು ಬರೋತಂಕ ನಾನು ಅವ್ರ ಬುಟ್ಟಿ ಪಕ್ಕದಲ್ಲೇ ನಿಂತಿರ್ತಿದ್ದೆ. ಹೆಂಗೈತೆ ಅಂತ ಹೇಳಕ್ಕೆ ನಂಗೆ ಬರಲ್ಲ. ಬಿಸ್ಲಲ್ಲಿ ಬಂದೋರ್ಗೆ ಯಾರೋ ಬಾ ಕೂತ್ಕ ಅಂದಂಗೆ ಇರ್ತದೆ. ನಮ್ಮೂರಲ್ಲಿ ಇನ್ನೆಲ್ಲೂ ಇಲ್ದೇ ಇರೋದು ಆ ವಾಸ್ನೆ. ಹೋಟೆಲಿಗೆ ಕಾಲಿಟ್ಟೇಟ್ಗೆ ಗೊತ್ತಾಯ್ತು, ಇಷ್ಟು ಮಲ್ಲಿಗೆ ಕಟ್ಟಿದ ಕೈ ಇನ್ಯಾರ್ದು ಅಂತ. ನಿಮ್ಮ ಹೂವಿಗೆ ಮಲ್ಲಿಗೆ ವಾಸ್ನೆ."

ಅಜ್ಜಿ ಕಟ್ಟಿದಳು, ಅವ್ವ ಕಟ್ಟಿದಳು, ನಾನು ಕಟ್ಟಿದೆ, ಎಲ್ಲರ ವಾಸನೆಯನ್ನೂ ಎಲ್ಲರ ಮನೆಗೂ ಮುಟ್ಟಿಸಿದೆವು. ಹೂವಿನದ್ದು ಎಲ್ಲಿ ಹೋಯಿತು ಎಂದು ಯಾರೂ ಕೇಳಿರಲಿಲ್ಲ, ಅದು ನನ್ನ ಕೈಯಲ್ಲೇ ಕೂತಿತ್ತು. ಕಣ್ಣೀರು ತಾನಾಗಿ ಇಳಿಯಿತು, ನಾನು ಒರೆಸಿಕೊಳ್ಳಲಿಲ್ಲ. ಅಷ್ಟರಲ್ಲಿ ಗವಿರಂಗಯ್ಯ ಹೌಹಾರಿ ಕೈ ಹಿಂದಕ್ಕೆಳೆದುಕೊಂಡ. ಗಡಿ ದಾಟಿದ ಮೇಲೆ ಕುಂಬಳದ ಹೂ ಬರೀ ಕುಂಬಳದ ಹೂವಾಗಿತ್ತು, ರುಕ್ಕು ಅವನ ಕೈಯಿಂದ ಅದನ್ನು ಕಿತ್ತು ಮೆಲ್ಲುತ್ತಿತ್ತು. "ಹಿತ್ತಲಲ್ಲಿ ಇನ್ನೂ ಅವೆ ಬಾ," ಎಂದೆ.

ನಾನು ಮುಂದಿನ ಹಲಗೆಯ ಮೇಲೆ ಅವನ ಪಕ್ಕದಲ್ಲೇ ಕೂತೆ. ಗಾಡಿ ಪೇಟೆಬೀದಿಗೆ ಬಂದಾಗ ಮಳೆಯ ಮೊದಲ ಹನಿ ಬೀಳುತ್ತಿತ್ತು. ದರ್ಜಿ ಹೊಲಿಗೆ ನಿಲ್ಲಿಸಿದ, ಡಾಕ್ಟರ ಹೆಂಡತಿ ಕಿಟಕಿಗೆ ಬಂದಳು, ಬಾಯಿಬಿಟ್ಟು ಯಾರೂ ಏನೂ ಹೇಳಲಿಲ್ಲ. ಶೇಷಣ್ಣ ಒಬ್ಬ ಹೋಟೆಲಿನ ಒಳಗಿನಿಂದಲೇ, "ಗವಿರಂಗ, ನಿನ್ನ ಅರ್ಧ ದೋಸೆ ಹಂಗೇ ಐತೆ, ಬಾರಯ್ಯ," ಎಂದು ಕರೆದ.

ಈಗ ಗಿಳಿ ಬಿಲ್ಲೆಗೆ ತುಕ್ಕು ಹಿಡಿಯುವುದಿಲ್ಲ. ಒಂದೇ ಮನೆಯಲ್ಲಿದ್ದರೂ ಶುಕ್ರವಾರದ ಜಾವ ಅವನು ಓಣಿ ಸುತ್ತಿ ಹೋಗಿ, ಪರದೆಯ ಆಚೆ ನಿಂತು ಕೈಯಿಟ್ಟು ಬರುತ್ತಾನೆ. ನಾನು ಈಚೆ ಕೂತು ಆ ಉಸಿರು ಕೇಳುತ್ತೇನೆ, ಪರದೆ ಸರಿಸುವುದಿಲ್ಲ. ಅತ್ತಿಗೆ ನನಗೆ ಹೂ ಮುಡಿಸುವಾಗ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಾಳೆ, ಮುಚ್ಚಿಕೊಂಡೇ ನಗುತ್ತಾಳೆ. ಸಂಜೆ ಮಲ್ಲಿಗೆ ಕಟ್ಟುವಾಗ ಒಮ್ಮೊಮ್ಮೆ ನಾನು ಕೈಯನ್ನು ಮುಖದ ಹತ್ತಿರ ತಂದುಕೊಂಡು ಉಸಿರೆಳೆದು ನೋಡುತ್ತೇನೆ. ಏನೂ ಹತ್ತುವುದಿಲ್ಲ. ಗವಿರಂಗಯ್ಯ ಹಿತ್ತಲಲ್ಲಿ ರುಕ್ಕುಗೆಂದು ಕಟ್ಟಿದ ಲಾಯದ ಬಾಗಿಲಲ್ಲಿ ನಿಂತು ನೋಡುತ್ತಿರುತ್ತಾನೆ. "ಐತೆ," ಎನ್ನುತ್ತಾನೆ.